ಕಾಲಿಗೆ ಕತ್ತಿ ಕಟ್ಟಿದ ಮೇಲೆ

ಅಖಿಲ ಭಾರತ ಹಿಮಕ್ರೀಡಾ ಪ್ರೋತ್ಸಾಹಕ ಮಂಡಳಿ ಕರೋಲ್ ಬಾಗಿನ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಕೆಳಗೆ ಅಣ್ಣುವಿನ ದೋಸೆ ಹೋಟೆಲು, ನಡುವೆ ಒಬ್ಬ ಹಲ್ಲಿನ ಡಾಕ್ಟರು, ಮೇಲೆ ಮಂಡಳಿ. ಮಂಡಳಿಗೆ ಒಬ್ಬ ನಿರ್ದೇಶಕರು, ನಾಲ್ವರು ಗುಮಾಸ್ತರು, ಹನ್ನೊಂದು ಕಪಾಟು, ಎರಡು ಫ್ಯಾನು ಇದ್ದವು. ಹಿಮ ಮಾತ್ರ ಇರಲಿಲ್ಲ. ಮೇ ತಿಂಗಳಲ್ಲಿ ನಿರ್ದೇಶಕ ಖುರಾನಾ ಸಾಹೇಬರ ಶರಬತ್ತಿನ ಗ್ಲಾಸಿನಲ್ಲಿ ತೇಲುತ್ತಿದ್ದ ಎರಡು ತುಂಡುಗಳನ್ನು ಬಿಟ್ಟರೆ ಆ ಕಟ್ಟಡ ಮಂಜುಗಡ್ಡೆಯ ಮುಖ ಕಂಡದ್ದಿಲ್ಲ. ಆ ಎರಡು ತುಂಡುಗಳಿಗೂ ಫೈಲಿತ್ತು.

ನಾಲ್ವರು ಗುಮಾಸ್ತರಲ್ಲಿ ಪುತ್ತೂರು ಕಡೆಯ ಜಯಾನಂದ ಒಬ್ಬ. ಅವನು ಹದಿನಾರು ವರ್ಷಗಳಿಂದ ತಾತ್ಕಾಲಿಕ ನೌಕರ. ತಾತ್ಕಾಲಿಕವಾಗಿ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಖಾಯಮ್ಮಾಗಿ ಮದುವೆಯಾಯಿತು, ಖಾಯಮ್ಮಾಗಿ ಹೊಟ್ಟೆ ಬಂತು, ಖಾಯಮ್ಮಾಗಿ ಕೂದಲು ಹೋಯಿತು. ಕೆಲಸವೊಂದು ಹಾಗೇ ಉಳಿಯಿತು. ಹೆಂಡತಿ ಜಲಜಾಕ್ಷಿ, ಹತ್ತು ವರ್ಷದ ಮಗಳು ಸುಜಾತಾ, ಅವನು, ಮೂವರೂ ಮುನಿರ್ಕಾದಲ್ಲಿ ಚೌಧರಿಯೊಬ್ಬನ ಮನೆಯ ಒಂದೇ ಕೋಣೆಯಲ್ಲಿದ್ದರು. ಗೋಡೆಯ ಆಚೆ ಚೌಧರಿಯ ಎಮ್ಮೆ. ಅದಕ್ಕೆ ಇವರಿಗಿಂತ ಒಂದು ಕಿಟಕಿ ಹೆಚ್ಚು.

ಜಲಜಾಕ್ಷಿಯ ಟ್ರಂಕಿನಲ್ಲಿ ಮದುವೆಯ ಸೀರೆಯ ಮೇಲೆ ಒಂದು ಫಾರಮ್ಮು ಮಡಿಸಿಟ್ಟಿತ್ತು. ಜನಕಪುರಿಯಲ್ಲಿ ಕಟ್ಟುತ್ತಿದ್ದ ಹೊಸ ಫ್ಲಾಟಿನ ಅರ್ಜಿ ಅದು. ಎರಡು ಕೋಣೆ, ಸ್ವಂತ ನಲ್ಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕಕ್ಕಸು. ಫಾರಮ್ಮಿನ ಎಲ್ಲ ಕಲಮುಗಳನ್ನೂ ತುಂಬಿಯಾಗಿತ್ತು. ಏಳನೆಯದು ಮಾತ್ರ ಖಾಲಿ: ‘ಖಾಯಂ ನೌಕರರೋ, ತಾತ್ಕಾಲಿಕವೋ?’

“ಹದಿನಾರು ವರ್ಷದಲ್ಲಿ ಹಲಸಿನ ಬೀಜ ನೆಟ್ಟಿದ್ದರೂ ಹಣ್ಣು ತಿನ್ನಬಹುದಿತ್ತು,” ಎಂದು ಜಲಜಾಕ್ಷಿ ಆಗಾಗ ಹೇಳುತ್ತಿದ್ದಳು. ಎಮ್ಮೆ ಅದಕ್ಕೆ ಹೂಂಗುಟ್ಟುತ್ತಿತ್ತು.

ಎಮರ್ಜೆನ್ಸಿ ಬಂದು ಆರು ತಿಂಗಳಾಗಿತ್ತು. ರೈಲುಗಳು ಸಮಯಕ್ಕೆ ಬರುತ್ತಿದ್ದವೋ ಇಲ್ಲವೋ, ಗುಮಾಸ್ತರಂತೂ ಬರುತ್ತಿದ್ದರು. ಆ ಚಳಿಗಾಲದಲ್ಲಿ ಮೇಲಿನಿಂದ ಸುತ್ತೋಲೆಯೊಂದು ಇಳಿಯಿತು. ಪ್ರತಿಯೊಂದು ಮಂಡಳಿಯೂ ತಾನು ದೇಶಕ್ಕೆ ಮಾಡಿದ ಕೆಲಸವನ್ನು ಮಾರ್ಚಿನೊಳಗೆ ತೋರಿಸಬೇಕು. ತೋರಿಸದ ಮಂಡಳಿಯನ್ನು ಮುಚ್ಚಿ, ತಾತ್ಕಾಲಿಕ ನೌಕರರನ್ನು ಮನೆಗೆ ಕಳಿಸಲಾಗುವುದು. ಪರಿಶೀಲನೆಗೆ ಬರುವವರು ಉಪಕಾರ್ಯದರ್ಶಿ ತಿಪ್ಪೇಸ್ವಾಮಿ. ಅವರು ಬಂದುಹೋದ ಮೂರು ಕಚೇರಿಗಳಲ್ಲಿ ಈಗ ಗೋಧಿ ದಾಸ್ತಾನಿದೆ ಎಂಬ ಸುದ್ದಿಯೂ ಸುತ್ತೋಲೆಯ ಹಿಂದೆಯೇ ಬಂತು.

ಖುರಾನಾ ಸಾಹೇಬರು ಜೀವಮಾನದಲ್ಲಿ ಮೊದಲ ಬಾರಿಗೆ ಫೈಲುಗಳನ್ನು ಬಿಚ್ಚಿ ಓದಿದರು. ಹದಿನಾರು ವರ್ಷದ ಕಾಗದದ ರಾಶಿಯಲ್ಲಿ ‘ಕೆಲಸ’ ಎನ್ನಬಹುದಾದದ್ದು ಒಂದೂ ಸಿಗಲಿಲ್ಲ. ಆದರೆ ಉತ್ತರ ಬರೆಯದೆ ಬಿದ್ದಿದ್ದ ಒಂದು ವಿದೇಶೀ ಪತ್ರ ಸಿಕ್ಕಿತು. ಯುರೋಪಿನಲ್ಲಿ ನಡೆಯಲಿರುವ ಮಹಿಳೆಯರ ಫಿಗರ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಚಿನ್ನ, ಬೆಳ್ಳಿ, ಕಂಚು ಯಾರಿಗೆ ಎಂದು ಎಲ್ಲ ದೇಶಗಳ ತಜ್ಞರೂ ಮುಂಚಿತವಾಗಿ ಬರೆದು ಕಳಿಸಬೇಕಂತೆ. ಸರಿಯಾಗಿ ಹೇಳಿದ ಸಂಸ್ಥೆಯ ಮುಖ್ಯಸ್ಥರನ್ನು ಅವರೇ ಖರ್ಚು ಹಾಕಿ ಕರೆಸಿಕೊಂಡು ಒಂದು ವರ್ಷ ಸಲಹೆಗಾರರನ್ನಾಗಿ ಇಟ್ಟುಕೊಳ್ಳುತ್ತಾರಂತೆ.

ಸಾಹೇಬರು ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಗುಮಾಸ್ತರನ್ನು ಕರೆದರು. “ಯಾರಿಗೆ ಗೊತ್ತು ಈ ಫಿಗರ್ ಸ್ಕೇಟಿಂಗು?”

ಮೂವರು ನೆಲ ನೋಡಿದರು. ಜಯಾನಂದನೂ ನೆಲವನ್ನೇ ನೋಡಬೇಕಿತ್ತು. ಆದರೆ ಹದಿನಾರು ವರ್ಷ ಅವನು ಚಹಾದ ಹೊತ್ತಿಗೆ ಒಂದೇ ಬಡಾಯಿಯನ್ನು ಕೊಚ್ಚುತ್ತ ಬಂದಿದ್ದ: ತನ್ನ ಅಜ್ಜ ಹೇಳಿದ ಭವಿಷ್ಯ ಸುಳ್ಳಾದದ್ದಿಲ್ಲ, ಮೂರು ತಾಲೂಕಿನ ಪಟೇಲರು ಅಜ್ಜನ ಜಗಲಿಯಲ್ಲಿ ಕಾಯುತ್ತಿದ್ದರು. ಅಜ್ಜ ಭವಿಷ್ಯ ಹೇಳುತ್ತಿದ್ದದ್ದು ಕೋಳಿ ಅಂಕದಲ್ಲಿ ಯಾವ ಹುಂಜ ಗೆಲ್ಲುತ್ತದೆ ಎಂಬುದರ ಬಗ್ಗೆ ಎನ್ನುವ ಸಣ್ಣ ವಿವರವನ್ನು ಬಿಟ್ಟಿದ್ದ. ದೆಹಲಿಯ ಜನಕ್ಕೆ ಎಲ್ಲವನ್ನೂ ಹೇಳಬೇಕೆಂದೇನಿಲ್ಲವಲ್ಲ.

“ಜಯಾನಂದ್‌ಜೀ, ನಿಮ್ಮದು ಭವಿಷ್ಯದ ಖಾನ್‌ದಾನ್ ಅಲ್ಲವೇ?” ಎಂದರು ಖುರಾನಾ.

“ಹೌದು ಸಾರ್,” ಎಂದುಬಿಟ್ಟ.

“ಅಚ್ಛಾ. ಹತ್ತು ದಿನದಲ್ಲಿ ಮೂರು ಹೆಸರು ಬೇಕು. ಸರಿಯಾದರೆ ನೀವು ಖಾಯಂ. ತಪ್ಪಾದರೆ ನಾನೇನೂ ಹೇಳುವುದಿಲ್ಲ, ತಿಪ್ಪೇಸ್ವಾಮಿ ಹೇಳುತ್ತಾರೆ.”

ಜಯಾನಂದ ಪತ್ರದ ಜೊತೆ ಬಂದಿದ್ದ ನಾಲ್ವರು ಸ್ಪರ್ಧಿಗಳ ಫೋಟೋಗಳ ಲಕೋಟೆ ಹಿಡಿದುಕೊಂಡು ಕೆಳಗಿಳಿದ. ಹೋಟೆಲಿನ ಧಣಿ ಅಣ್ಣು ಜಲಜಾಕ್ಷಿಯ ಅಣ್ಣ. ಜಗತ್ತಿನ ಯಾವ ಕಷ್ಟಕ್ಕೂ ಒಂದು ಪ್ಲೇಟು ಗೋಳಿಬಜೆ ಮುಂದಿಡುವುದು ಅವನ ಪದ್ಧತಿ. ಇಟ್ಟ. ಫೋಟೋ ನೋಡಿದ. ಒಬ್ಬಳು ಹುಡುಗಿ ಒಂದೇ ಕಾಲಿನ ಮೇಲೆ ನಿಂತು, ಇನ್ನೊಂದನ್ನು ಹಿಂದಕ್ಕೆ ಚಾಚಿ, ಎರಡೂ ಕೈ ಬಿಚ್ಚಿದ್ದಳು.

“ಎಂತ ಭಾವ ಇದು? ಬೀಳುವುದಾ, ಹಾರುವುದಾ?”

“ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಭಾವ?”

ಆಗ ದೋಸೆ ಕಾವಲಿಯ ಮುಂದಿನಿಂದ ಐತಪ್ಪ ಬಂದ. ಐತಪ್ಪ ಜಯಾನಂದನ ಊರಿನವನೇ. ಅಜ್ಜನ ಪರಮ ಭಕ್ತ. ಅಜ್ಜನ ಮಾತು ನಂಬಿ ಹದಿನೇಳು ಹುಂಜಗಳನ್ನು ಕಳೆದುಕೊಂಡವನು. ಹದಿನೇಳು ಸಲವೂ ತಾನು ಹುಂಜವನ್ನು ಕಣಕ್ಕೆ ಬಿಟ್ಟ ದಿಕ್ಕು ತಪ್ಪಿತು ಎಂದು ತನ್ನನ್ನೇ ಬೈದುಕೊಂಡವನು. ಹದಿನೆಂಟನೆಯದಕ್ಕೆ ಗತಿಯಿಲ್ಲದೆ ದೆಹಲಿಗೆ ಬಂದಿದ್ದ. ಫೋಟೋದ ಮೇಲೆ ಬಗ್ಗಿದವನು ಹುಡುಗಿಯ ಮುಖ ನೋಡಲಿಲ್ಲ, ನೇರ ಕಾಲು ನೋಡಿದ.

“ಅಯ್ಯೋ ಮಾರಾಯ್ರೆ, ಅಂಕದ ಹುಂಜದ ಹಾಗೆ ಕಾಲಿಗೆ ಕತ್ತಿ ಕಟ್ಟಿದ್ದಾರೆ!”

ಮೂವರೂ ನೋಡಿದರು. ಹೌದು. ಬೂಟಿನ ಕೆಳಗೆ ಉದ್ದಕ್ಕೆ ಹೊಳೆಯುವ ಅಲಗು.

“ರೆಕ್ಕೆ ಬಿಚ್ಚಿ ನಿಂತಿದ್ದು ನೋಡಿ, ಮೊದಲ ಹಾರಿಕೆಗೆ ಸರಿಯಾಗಿ,” ಎಂದ ಐತಪ್ಪ. ಅವನ ಕಣ್ಣಲ್ಲಿ ನೀರಿತ್ತು. “ಸುತ್ತ ಜನ ಉಂಟು. ನಡುವೆ ಕಾದಾಡುವ ಕಳ ಉಂಟು. ಅಂಕ ಅಲ್ಲದೆ ಮತ್ತೆಂತದು ಇದು? ಕಾಲಿಗೆ ಕತ್ತಿ ಕಟ್ಟಿದ ಮೇಲೆ ಶಾಸ್ತ್ರ ಒಂದೇ ಜಯಣ್ಣ. ಅಜ್ಜನ ಪುಸ್ತಕ ತೆಗೆಯಿರಿ!”

ಜಯಾನಂದನ ಎದೆಯಿಂದ ಒಂದು ಮೂಟೆ ಇಳಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿ ಸಾಕು ಎನ್ನುತ್ತಾರೆ. ಇಲ್ಲಿ ಇಡೀ ಪಂಚಾಂಗವೇ ತೇಲಿ ಬಂದಿತ್ತು.

ಅಜ್ಜನ ಕೋಳಿ ಪಂಚಾಂಗ ಕೆಂಪು ಬಟ್ಟೆ ಸುತ್ತಿದ ಕೈಬರಹದ ಪುಸ್ತಕ. ಯಾವ ವಾರ, ಯಾವ ಪಕ್ಷ, ಯಾವ ಜಾವದಲ್ಲಿ ಯಾವ ಬಣ್ಣದ ಹುಂಜಕ್ಕೆ ಏನು ಗತಿ ಎಂದು ಅದರಲ್ಲಿ ಬರೆದಿತ್ತು. ಗತಿಗಳು ಐದು: ರಾಜ್ಯ, ಭೋಜನ, ಗಮನ, ನಿದ್ರೆ, ಮರಣ. ಮರುದಿನ ಮುನಿರ್ಕಾದ ಕೋಣೆಯಲ್ಲಿ ಪುಸ್ತಕ ಬಿಚ್ಚಿದರು. ಜಲಜಾಕ್ಷಿ ಮೂಗಿಗೆ ಸೆರಗು ಹಿಡಿದಳು. ಸುಜಾತಾ ಫೋಟೋ ಎತ್ತಿ ನೋಡಿ, “ಪಪ್ಪಾ, ಯೇ ಮುರ್ಗಾ ನಹೀಂ ಹೈ. ಹುಂಜ ಅಲ್ಲ, ಹುಡುಗಿ ಇದೆ,” ಎಂದಳು. ಲೋಕದಲ್ಲಿ ನಿಜ ಹೇಳುವವರಿಗೆ ಆಗುವ ಗತಿ ಅವಳಿಗೂ ಆಯಿತು: ಹೋಂವರ್ಕ್ ಮಾಡು ಎಂದು ಹೊರಗೆ ಕಳಿಸಿದರು.

“ಗೆದ್ದದ್ದಕ್ಕೆ ಚಿನ್ನ, ಸರಿ,” ಎಂದ ಜಯಾನಂದ. “ಎರಡನೆಯದಕ್ಕೆ ಬೆಳ್ಳಿ ಉಂಟಲ್ಲ, ಅದು ಹೇಗೆ?”

ಐತಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎರಡನೆಯದು ಅಂತ ಎಲ್ಲಿದೆ? ಸೋತದ್ದು ಒಲೆಗೆ. ಎರಡನೆಯದಕ್ಕೆ ಸಾರು.”

ಕೊನೆಗೆ ಜಯಾನಂದನೇ ಗುಮಾಸ್ತ ಬುದ್ಧಿ ಓಡಿಸಿ ರಾಜ್ಯಕ್ಕೆ ಚಿನ್ನ, ಭೋಜನಕ್ಕೆ ಬೆಳ್ಳಿ, ಗಮನಕ್ಕೆ ಕಂಚು ಎಂದು ತೀರ್ಮಾನಿಸಿದ. ಅಲ್ಲಿಯ ಗಡಿಯಾರವನ್ನು ಮೊದಲು ದೆಹಲಿಯ ಸಮಯಕ್ಕೆ, ಆಮೇಲೆ ಪುತ್ತೂರಿನ ಸೂರ್ಯೋದಯಕ್ಕೆ ಸರಿಹೊಂದಿಸಿದ. ಎಲ್ಲ ಆಯಿತು ಎನ್ನುವಾಗ ದೊಡ್ಡ ವಿಘ್ನ ಎದುರಾಯಿತು. ಫೋಟೋಗಳು ಕಪ್ಪು ಬಿಳುಪು. ಯಾವ ಹುಡುಗಿಯ ಲಂಗ ಯಾವ ಬಣ್ಣವೋ ಯಾರಿಗೆ ಗೊತ್ತು?

ಸರ್ಕಾರಿ ನೌಕರನಿಗೆ ಗೊತ್ತಿಲ್ಲದ್ದನ್ನು ತಿಳಿಯುವ ದಾರಿ ಒಂದೇ. ಜಯಾನಂದ ನಾಲ್ಕು ರಾಯಭಾರ ಕಚೇರಿಗಳಿಗೆ ಮಂಡಳಿಯ ಕಾಗದದಲ್ಲಿ ಪತ್ರ ಟೈಪು ಮಾಡಿದ: ‘ತಮ್ಮ ಸ್ಪರ್ಧಿಯು ತೊಡಲಿರುವ ಉಡುಪಿನ ಬಣ್ಣವನ್ನೂ, ಆಕೆಯನ್ನು ಕಣದೊಳಕ್ಕೆ ಯಾವ ದಿಕ್ಕಿನಿಂದ ಬಿಡಲಾಗುವುದು ಎಂಬುದನ್ನೂ ಕೂಡಲೇ ತಿಳಿಸಬೇಕಾಗಿ ಕೋರಿಕೆ.’ ಸಾಹೇಬರು ಓದದೆ ಸಹಿ ಹಾಕಿದರು. ಅವರು ಓದಿ ಸಹಿ ಹಾಕಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಭಾರತ ಸರ್ಕಾರವೂ ಇರುತ್ತಿರಲಿಲ್ಲ.

ಒಂದು ದೇಶದವರು ಹಳದಿ ರೇಷ್ಮೆಯ ತುಂಡನ್ನೇ ಕಳಿಸಿದರು. ಇನ್ನೊಂದು ದೇಶದವರು ತಮ್ಮಲ್ಲಿ ಮೂಢನಂಬಿಕೆ ನಿರ್ಮೂಲವಾಗಿದೆ ಎಂದು ಹನ್ನೆರಡು ಪುಟ ಬರೆದು, ಹದಿಮೂರನೆಯ ಪುಟದಲ್ಲಿ ಕೆಂಪು, ಪೂರ್ವ ದಿಕ್ಕು ಎಂದರು. ಮೂರನೆಯವರು ನೀಲಿ ಎಂದರು. ನಾಲ್ಕನೆಯವರು, ಉಡುಪು ರಾಷ್ಟ್ರೀಯ ಗುಟ್ಟು, ಇದನ್ನು ಕೇಳುವ ನೀವು ಯಾರು ಎಂದು ಮೇಲಿನವರಿಗೆ ದೂರು ಕೊಟ್ಟರು. ಗುಟ್ಟು ಮಾಡುವವರದು ಬಿಳಿಯೇ ಇರಬೇಕೆಂದು ಐತಪ್ಪ ಹೇಳಿದ.

ದೂರು ಬಂದ ಮೇಲೆ ಖುರಾನಾ ಬೆವರಿದರು. “ಜಯಾನಂದ್‌ಜೀ, ಇದು ಯಾವ ಪದ್ಧತಿ?”

“ಬಣ್ಣ ಮತ್ತು ದಿಕ್ಕು ನೋಡುವ ಪದ್ಧತಿ ಸಾರ್.”

ಸಾಹೇಬರು ಕ್ಷಣ ಯೋಚಿಸಿ ಫೈಲಿನಲ್ಲಿ ಬರೆದರು: ‘ವರ್ಣ-ದಿಗ್ ವಿಶ್ಲೇಷಣಾ ವಿಧಾನ. ನನ್ನ ಮಾರ್ಗದರ್ಶನದಲ್ಲಿ ರೂಪಿಸಲಾದದ್ದು.’

ಸುದ್ದಿ ಕರೋಲ್ ಬಾಗಿನಿಂದ ಮುನಿರ್ಕಾಕ್ಕೆ ಬಸ್ಸಿಗಿಂತ ಬೇಗ ಹೋಯಿತು. ಮನೆಯ ಒಡೆಯ ಚೌಧರಿ ಹಾಲಿನ ತಂಬಿಗೆ ಹಿಡಿದು ಬಂದ. “ಭಯ್ಯಾ, ನಮ್ಮ ಹುಡುಗ ಭಾನುವಾರ ಕುಸ್ತಿಗೆ ಹೋಗುತ್ತಾನೆ. ಯಾವ ಬಣ್ಣದ ಲಂಗೋಟಿ?” ಜಯಾನಂದ ಹಳದಿ ಎಂದ. ಹುಡುಗ ಹಳದಿ ಲಂಗೋಟಿ ಕಟ್ಟಿ ಮೂರು ನಿಮಿಷದಲ್ಲಿ ಆಕಾಶ ನೋಡಿದ. ಚೌಧರಿ ಸೋಮವಾರ ಖಾಲಿ ಕೈಯಲ್ಲಿ ಬಂದು ನಿಂತ. “ಯಾವ ದಿಕ್ಕಿನಿಂದ ಇಳಿದ?” ಎಂದು ಜಯಾನಂದ ಕೇಳಿದ. “ದಕ್ಷಿಣ.” “ಅದೇ ತಪ್ಪಾದದ್ದು.” ಚೌಧರಿ ತಲೆ ಚಚ್ಚಿಕೊಂಡು ಕ್ಷಮೆ ಕೇಳಿ, ಸಂಜೆಗೆ ಎರಡು ತಂಬಿಗೆ ಹಾಲು ಕಳಿಸಿದ. ಶಾಸ್ತ್ರವೆಂಬುದು ಹೇಗೆ ಸಾವಿರಾರು ವರ್ಷ ಬಾಳುತ್ತದೆ ಎಂಬುದು ಜಯಾನಂದನಿಗೆ ಅಂದು ಹೊಳೆಯಬೇಕಿತ್ತು. ಅವನು ಹಾಲು ಕುಡಿದು ಮಲಗಿದ.

ಮುನ್ಸೂಚನೆ ಹೋಯಿತು: ಚಿನ್ನ ಕೆಂಪಿನವಳಿಗೆ, ಬೆಳ್ಳಿ ನೀಲಿಯವಳಿಗೆ, ಕಂಚು ಹಳದಿಯವಳಿಗೆ. ಬಿಳಿಗೆ ಮರಣ. ‘ಮರಣ’ವನ್ನು ಸಾಹೇಬರು ‘ಪದಕವಿಲ್ಲ’ ಎಂದು ತಿದ್ದಿದರು.

ಸ್ಪರ್ಧೆಗೆ ನಾಲ್ಕು ದಿನವಿರುವಾಗ ತಿಪ್ಪೇಸ್ವಾಮಿ ಬಂದರು. ಚಿತ್ರದುರ್ಗದ ಕಡೆಯವರು. ಸಣ್ಣ ಆಳು, ದೊಡ್ಡ ಕನ್ನಡಕ. ಬಾಗಿಲು ಹಾಕಿಸಿ ಜಯಾನಂದನನ್ನು ಕೂರಿಸಿಕೊಂಡರು.

“ಏನ್ರೀ ಜಯಾನಂದ, ಈ ಪತ್ರದಲ್ಲಿ ಸ್ಪರ್ಧಿಯನ್ನು ‘ಬಿಡಲಾಗುವುದು’ ಅಂತ ಬರ್ದಿದ್ದೀರಿ. ಬಿಡೋದು ಅಂದ್ರೇನ್ರೀ? ಅವರನ್ನೇನು ಕಟ್ಟಿಹಾಕಿರ್ತಾರಾ?”

“ತಾಂತ್ರಿಕ ಶಬ್ದ ಸಾರ್. ಅಂಕಕ್ಕೆ ಬಿಡುವುದು ಅಂತಾರೆ.”

“ಓಹೋ, ಅಂಕ. ಜಡ್ಜುಗಳು ಕೊಡೋ ಅಂಕ.” ತಿಪ್ಪೇಸ್ವಾಮಿ ಬರೆದುಕೊಂಡರು. ಬಯಲುಸೀಮೆಯವರಿಗೆ ಕರಾವಳಿಯ ಕೋಳಿ ಅಂಕ ಗೊತ್ತಿಲ್ಲದ್ದು ಜಯಾನಂದನ ಪುಣ್ಯ. “ನೋಡ್ರಿ, ನನಗೆ ಐಸೂ ಗೊತ್ತಿಲ್ಲ, ಸ್ಕೇಟಿಂಗೂ ಗೊತ್ತಿಲ್ಲ. ಸರಿಯಾದ್ರೆ ಸರಿ. ತಪ್ಪಾದ್ರೆ ಶುಕ್ರವಾರ ಮೊದಲು ಹೋಗೋ ಹೆಸರು ನಿಮ್ಮದೇ. ಕಾಫಿ ಕೆಳಗಿಂದ ತರ್ಸಿದ್ದಾ? ಚೆನ್ನಾಗಿದೆ.”

ಆ ನಾಲ್ಕು ದಿನ ಜಯಾನಂದ ಊಟ ಬಿಟ್ಟ. ಜಲಜಾಕ್ಷಿ ಫಾರಮ್ಮನ್ನು ದೇವರ ಪಟದ ಮುಂದಿಟ್ಟಳು. ಐತಪ್ಪ ದೋಸೆಗಳನ್ನೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಹೊಯ್ದ.

ಶುಕ್ರವಾರ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಕೊನೆಯ ಪುಟದಲ್ಲಿ, ಪಿಸ್ತಾ ಬೆಲೆಯ ಕೆಳಗೆ, ನಾಲ್ಕು ಸಾಲಿತ್ತು. ಅಣ್ಣು ಓದಿದ. ಮತ್ತೊಮ್ಮೆ ಓದಿದ. ಚಿನ್ನ, ಬೆಳ್ಳಿ, ಕಂಚು, ಮೂರೂ ಬರೆದುಕೊಟ್ಟ ಹಾಗೆ!

ಐತಪ್ಪ ಸಟ್ಟುಗ ಎತ್ತಿಕೊಂಡೇ ಬೀದಿಗೆ ಓಡಿ ಕುಣಿದ. ಅಣ್ಣು ಅಂದಿನ ಗಿರಾಕಿಗಳಿಗೆಲ್ಲ ಕೇಸರಿಬಾತು ಪುಕ್ಕಟೆ ಕೊಟ್ಟ. ಜಯಾನಂದ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ಹದಿನಾರು ವರ್ಷದಲ್ಲಿ ಅವನು ಮಾಡಿದ ಒಂದು ಕೆಲಸ ಸರಿಯಾಗಿತ್ತು.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಬೇಕು. ಸೋಮವಾರ ಖುರಾನಾ ಸಾಹೇಬರಿಗೆ ಯುರೋಪಿನಿಂದ ಕರೆ ಬಂತು: ವರ್ಣ-ದಿಗ್ ವಿಧಾನದ ಜನಕರು ಒಂದು ವರ್ಷ ತಮ್ಮಲ್ಲಿ ಸಲಹೆಗಾರರಾಗಿರಬೇಕು. ಬುಧವಾರ ಅವರು ಉಣ್ಣೆಯ ಕೋಟು ಹೊಲಿಸಿದರು. ಶನಿವಾರ ಹಾರಿದರು. ಅದರ ಮುಂದಿನ ಮಂಗಳವಾರ ತಿಪ್ಪೇಸ್ವಾಮಿಯವರ ವರದಿ ಬಂತು. ಮಂಡಳಿಯ ಸಾಧನೆಯನ್ನು ಅದು ಎರಡು ಪುಟ ಹೊಗಳಿತ್ತು. ಕೊನೆಗೆ ಬರೆದಿತ್ತು: ‘ಪದಕಗಳು ಯಾರಿಗೆ ಎಂಬುದನ್ನು ಮೊದಲೇ ನಿಖರವಾಗಿ ಹೇಳುವ ವಿಧಾನವು ಪೂರ್ಣಗೊಂಡಿರುವುದರಿಂದ, ಹಿಮಕ್ರೀಡೆಗಳ ವಿಷಯದಲ್ಲಿ ಸರ್ಕಾರವು ತಿಳಿಯಬೇಕಾದದ್ದು ಇನ್ನೇನೂ ಉಳಿದಿರುವುದಿಲ್ಲ. ಮಂಡಳಿಯನ್ನು ಗೌರವಪೂರ್ವಕವಾಗಿ ಮುಚ್ಚಬಹುದು.’

ಮುಚ್ಚಿದರು. ಹನ್ನೊಂದು ಕಪಾಟುಗಳನ್ನು ಇಳಿಸುವಾಗ ಹಲ್ಲಿನ ಡಾಕ್ಟರು ಒಂದನ್ನು ಇಟ್ಟುಕೊಂಡರು. ಗೋಧಿ ಮೂಟೆಗಳು ಮೇಲೇರಿದವು. ತಾತ್ಕಾಲಿಕ ಗುಮಾಸ್ತರು ಕೆಳಗಿಳಿದರು.

“ಎರಡನೆಯದಕ್ಕೆ ಸಾರು,” ಎಂದ ಐತಪ್ಪ, ಯಾರನ್ನೂ ಉದ್ದೇಶಿಸದೆ.

ಜಯಾನಂದ ಭಾವನ ಹೋಟೆಲಿನಲ್ಲಿ ಟೋಕನ್ ಕೊಡಲು ಕೂತ. ಗೆದ್ದು ಸೋತವನ ಮುಖ ಸೋತವನ ಮುಖಕ್ಕಿಂತ ಕೆಟ್ಟದಾಗಿರುತ್ತದೆ. ಅವನಿಗೆ ಬೇಸರವಾದದ್ದು ಖುರಾನಾ ಹೋದದ್ದಕ್ಕಲ್ಲ; ಹೋಗುವ ದಿನ ಅವರು ಕೆಳಗೆ ಬಂದು ಎರಡು ದೋಸೆ ತಿಂದು, ಖಾಯಂ ಮಾಡುವ ಮಾತೇ ಎತ್ತದೆ, ‘ಜಯಾನಂದ್‌ಜೀ, ಹಿಮ್ಮತ್ ಇರಲಿ’ ಎಂದು ಬೆನ್ನು ತಟ್ಟಿ ಹೋಗಿದ್ದರು. ಆ ತಟ್ಟಿದ ಜಾಗ ಇನ್ನೂ ಉರಿಯುತ್ತಿತ್ತು.

ಆರು ವಾರಕ್ಕೆ ಹೋಟೆಲಿನ ವಿಳಾಸಕ್ಕೆ ಯುರೋಪಿನಿಂದ ತಂತಿ ಬಂತು: ‘ಮುಂದಿನ ಸ್ಪರ್ಧೆ ಹತ್ತೊಂಬತ್ತರಂದು. ಬಣ್ಣಗಳು ಕೆಂಪು, ಬಿಳಿ, ಹಳದಿ, ನೀಲಿ. ನಾಲ್ಕೂ ಉತ್ತರದಿಂದ. ಚಿನ್ನ ಯಾವುದಕ್ಕೆ ಕೂಡಲೇ ತಿಳಿಸಿ. ಖುರಾನಾ.’

ಅಣ್ಣುವಿಗೆ ರೇಗಿತು. “ಉತ್ತರ ಕೊಡಬೇಡ ಭಾವ. ಅವನು ಅಲ್ಲೇ ಹೆಪ್ಪುಗಟ್ಟಲಿ!”

ಹಪ್ಪಳ ಎಣಿಸಿಕೊಡಲು ಬಂದಿದ್ದ ಜಲಜಾಕ್ಷಿ ತಂತಿ ತೆಗೆದುಕೊಂಡು ಓದಿದಳು. “ಉತ್ತರ ಕೊಡಿ,” ಎಂದಳು. “ನಾನು ಹೇಳಿದ ಹಾಗೆ ಬರೆಯಿರಿ. ‘ಬಣ್ಣ ಸಿದ್ಧ. ಮೊದಲು ಖಾಯಂ ಆದೇಶ.’ ಅಷ್ಟೇ. ನಮಸ್ಕಾರ ಗಿಮಸ್ಕಾರ ಬೇಡ, ಶಬ್ದಕ್ಕೆ ದುಡ್ಡು.”

“ಮಂಡಳಿಯೇ ಇಲ್ಲ ಮಾರಾಯ್ತಿ, ಖಾಯಂ ಮಾಡುವುದು ಎಲ್ಲಿ?”

“ಅದು ಅವರ ತಲೆನೋವು. ಐಸೇ ಇಲ್ಲದೆ ಹದಿನಾರು ವರ್ಷ ನಡೆಸಲಿಲ್ಲವಾ?”

ಹದಿನಾರು ವರ್ಷ ನಡೆಯದ ಫೈಲು ಐದು ದಿನದಲ್ಲಿ ಓಡಿತು. ಆದೇಶ ಬಂತು. ಸಾಹೇಬರು ಹಾರಿದ ಹಿಂದಿನ ದಿನದ ತಾರೀಕು, ಸಾಹೇಬರ ಸಹಿ, ಮೂರು ಮೊಹರು. ಖಾಯಂ ನೌಕರನನ್ನು ತೆಗೆಯುವ ಹಾಗಿಲ್ಲ. ಕೆಲಸ ಕೊಡಲು ಮಂಡಳಿಯಿಲ್ಲ. ಆದ್ದರಿಂದ ಜಯಾನಂದನು ಬೇರೆ ಆದೇಶ ಬರುವವರೆಗೆ ಸಂಬಳ ಪಡೆಯುತ್ತ ಇದ್ದಲ್ಲೇ ಇರತಕ್ಕದ್ದು.

ಈಗ ಬಣ್ಣ ಕಳಿಸಬೇಕು. ಪುಸ್ತಕ ಬಿಚ್ಚಿದರು. ಹತ್ತೊಂಬತ್ತರ ಮಧ್ಯಾಹ್ನ ಕೆಂಪಿಗೆ ರಾಜ್ಯ. ಬಿಳಿಗೆ ಮರಣ ಎಂದು ಅಜ್ಜ ಎರಡು ಗೆರೆ ಎಳೆದು ಬರೆದಿದ್ದ.

ಜಯಾನಂದ ಅಣ್ಣುವಿನ ಮುಖ ನೋಡಿದ. ಅಣ್ಣು ಐತಪ್ಪನ ಮುಖ ನೋಡಿದ. ಸಾಹೇಬರು ತಟ್ಟಿದ್ದ ಬೆನ್ನು ಉರಿಯಿತು.

“ಬಿಳಿ,” ಎಂದು ತಂತಿ ಕಳಿಸಿದ ಜಯಾನಂದ.

ಇಪ್ಪತ್ತರ ಸಂಜೆ ಅವರು ಮೂವರೂ ಖುರಾನಾರ ಗೋಳಿನ ತಂತಿಗೆ ಕಾದು ಕೂತರು. ಅಣ್ಣು ಮೊದಲೇ ಗೋಳಿಬಜೆ ಕರಿಸಿಟ್ಟಿದ್ದ. ತಂತಿ ಬಂತು: ‘ಬಿಳಿಗೆ ಚಿನ್ನ. ಶಾಬಾಶ್. ನನ್ನ ಅವಧಿ ಐದು ವರ್ಷಕ್ಕೆ ವಿಸ್ತರಣೆ.’

ಐತಪ್ಪ ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದ.

“ಹಾಗಾದರೆ ಜಯಣ್ಣ,” ಎಂದ, “ನನ್ನ ಹದಿನೇಳು ಹುಂಜಗಳು? ಅವು ದಿಕ್ಕು ತಪ್ಪಿ ಸತ್ತದ್ದಲ್ಲವಾ?”

“ಅಜ್ಜ ಬರೆದದ್ದು ಹುಂಜಗಳಿಗೆ ಐತಪ್ಪ,” ಎಂದ ಜಯಾನಂದ. “ನಿರ್ದೇಶಕರಿಗೆ ಅಲ್ಲ. ಅವರನ್ನು ಯಾವ ದಿಕ್ಕಿನಿಂದ ಬಿಟ್ಟರೂ ರಾಜ್ಯವೇ.”

ಮರುದಿನ ಜಲಜಾಕ್ಷಿ ಮದುವೆಯ ಸೀರೆ ಉಟ್ಟು, ಏಳನೆಯ ಕಲಮು ತುಂಬಿಸಿ, ಗಂಡನನ್ನು ಫ್ಲಾಟಿನ ಕಚೇರಿಗೆ ಎಳೆದುಕೊಂಡು ಹೋದಳು. ಕಿಟಕಿಯ ಒಳಗೆ ಕೂತಿದ್ದ ಗುಮಾಸ್ತ ಆದೇಶವನ್ನು ಬೆಳಕಿಗೆ ಹಿಡಿದು ನೋಡಿದ. ಮಂಡಳಿಯ ಹೆಸರು ಓದಿದ. ಪಟ್ಟಿಯಲ್ಲಿ ಹುಡುಕಿದ.

“ಈ ಮಂಡಳಿ ಈಗ ಇಲ್ಲವಲ್ಲ?”

“ಇಲ್ಲ,” ಎಂದ ಜಯಾನಂದ. ಜಲಜಾಕ್ಷಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

“ಮತ್ತೆ ನೀವು ಏನು ಕೆಲಸ ಮಾಡುತ್ತೀರಿ?”

“ಖಾಯಂ ಆಗಿದ್ದೇನೆ.”

“ಅದು ಗೊತ್ತಾಯಿತು. ಕೆಲಸ ಏನು ಅಂತ ಕೇಳಿದೆ.”

“ಅದೇ,” ಎಂದ ಜಯಾನಂದ.

ಗುಮಾಸ್ತ ತಲೆಯೆತ್ತಿ ಮೊದಲ ಬಾರಿಗೆ ಅವನ ಮುಖ ನೋಡಿದ. ಅವನೂ ಇಪ್ಪತ್ತು ವರ್ಷದಿಂದ ಖಾಯಂ ಆಗಿದ್ದವನು. ಪಕ್ಕಕ್ಕೆ ಸರಿಸಿಟ್ಟಿದ್ದ ಚಹಾದ ಲೋಟವನ್ನು ಇನ್ನಷ್ಟು ಸರಿಸಿ, ಮೊಹರಿಗೆ ಹಬೆಯೂದಿ, ಫಾರಮ್ಮಿನ ಮೇಲೆ ಠಪ್ಪನೆ ಒತ್ತಿದ.